ಮಿಶ್ರಣವೂ ಸಂಯುಕ್ತವೂ: ಗೊಬ್ಬರ ಬೆರೆಸುವವರು ಅರಿಯಬೇಕಾದ ಭೇದ

ಲೋಕದ ಸಕಲ ಪದಾರ್ಥಗಳನ್ನೂ ರಸಾಯನಶಾಸ್ತ್ರಜ್ಞರು ಮೂಲವಸ್ತು, ಸಂಯುಕ್ತವಸ್ತು, ಮಿಶ್ರಣವೆಂದು ಮೂರು ಬಗೆಯಾಗಿ ವಿಂಗಡಿಸಿರುವರು. ಈ ಭೇದವು ಶಾಲೆಯ ಪಾಠಕ್ಕೆ ಮಾತ್ರ ಸೇರಿದುದೆಂದು ಭಾವಿಸಲಾಗದು. ಇದನ್ನರಿಯದೆ ಗೊಬ್ಬರಗಳನ್ನು ಬೆರೆಸುವ ಬೇಸಾಯಗಾರನು ಹಣ ತೆತ್ತು ತಂದ ಸತ್ವವನ್ನು ತಾನೇ ಗಾಳಿಗೆ ತೂರಿದಂತಾಗುವುದು.

ರಾಸಾಯನಿಕ ಕ್ರಮದಿಂದ ಇನ್ನೂ ಸರಳವಾದ ವಸ್ತುಗಳಾಗಿ ಒಡೆಯಲಾಗದುದು ಮೂಲವಸ್ತು. ಗಂಧಕ, ಕಬ್ಬಿಣ, ಸಾರಜನಕ ಮೊದಲಾದುವು ಈ ವರ್ಗದವು. 1789ರಲ್ಲಿ ಫ್ರಾನ್ಸಿನ ಲವಾಸಿಯೆಯು ಪ್ರಕಟಿಸಿದ 33 ಮೂಲವಸ್ತುಗಳ ಪಟ್ಟಿಯಲ್ಲಿ ಸುಣ್ಣವೂ ಸೇರಿದ್ದಿತು. 1808ರಲ್ಲಿ ಇಂಗ್ಲೆಂಡಿನ ಹಂಫ್ರಿ ಡೇವಿಯು ವಿದ್ಯುಚ್ಛಕ್ತಿಯ ಬಲದಿಂದ ಸುಣ್ಣದೊಳಗಿನ ಕ್ಯಾಲ್ಸಿಯಂ ಲೋಹವನ್ನು ಬೇರ್ಪಡಿಸಿದ ಮೇಲೆ, ಅದು ಸಂಯುಕ್ತವೆಂದು ಸಿದ್ಧವಾಯಿತು. ಈಗ 118 ಮೂಲವಸ್ತುಗಳು ತಿಳಿದಿರುವುವು.

ಮೂಲವಸ್ತುಗಳು ಗೊತ್ತಾದ ಪ್ರಮಾಣದಲ್ಲಿ ಕೂಡಿ, ತಮ್ಮ ಗುಣವನ್ನು ಕಳೆದುಕೊಂಡು ಹೊಸ ಗುಣ ತಾಳಿದಾಗ ಸಂಯುಕ್ತವೆನಿಸುವುದು. ಶುದ್ಧವಾದ ಸುಣ್ಣಕಲ್ಲು ಎಲ್ಲಿಯದಾದರೂ ಸರಿಯೆ, 100 ಭಾಗವನ್ನು ಪೂರ್ಣವಾಗಿ ಸುಟ್ಟರೆ ತೂಕದಲ್ಲಿ 56 ಭಾಗ ಸುಣ್ಣ ಉಳಿದು, 44 ಭಾಗ ಇಂಗಾಲದ ಡೈಆಕ್ಸೈಡ್ ಅನಿಲವಾಗಿ ಹೋಗುವುದು. ಮಿಶ್ರಣಕ್ಕಾದರೋ ಇಂತಹ ಕಟ್ಟಿಲ್ಲ. ಹೊಲದ ಮಣ್ಣಿನಂತೆ ಅದು ಯಾವ ಪ್ರಮಾಣದಲ್ಲಾದರೂ ಇರಬಹುದು. ಅದರೊಳಗಿನ ಒಂದೊಂದು ವಸ್ತುವೂ ತನ್ನ ಗುಣವನ್ನು ಉಳಿಸಿಕೊಂಡಿರುವುದು.

ಅಮೋನಿಯಂ ಸಲ್ಫೇಟ್ ಗೊಬ್ಬರವು ಸಂಯುಕ್ತ. ಅದರಲ್ಲಿ ನೂರಕ್ಕೆ ಸುಮಾರು 20 ಭಾಗ ಸಾರಜನಕವಿರುವುದು. ಇದಕ್ಕೆ ಮರಳು ಬೆರೆತರೆ ಅದು ಮಿಶ್ರಣ ಮಾತ್ರ. ಗಾಜಿನ ಲೋಟದ ತಿಳಿನೀರಿನಲ್ಲಿ ಕದಡಿದರೆ ಗೊಬ್ಬರ ಕರಗಿ ಮರಳು ತಳದಲ್ಲಿ ನಿಲ್ಲುವುದು. ಆದರೆ ಅಡಿಗೆಯ ಉಪ್ಪೂ ನೀರಿನಲ್ಲಿ ಕರಗುವುದರಿಂದ, ಕರಗಿದ ಮಾತ್ರಕ್ಕೆ ಗೊಬ್ಬರ ಶುದ್ಧವೆನ್ನಲಾಗದು. ಸಂಶಯವಿದ್ದಲ್ಲಿ ಕೃಷಿ ಇಲಾಖೆಯ ಮೂಲಕ ಮಾದರಿಯನ್ನು ಪರೀಕ್ಷೆ ಮಾಡಿಸುವುದೇ ಮಾರ್ಗ.

ಅದೇ ಗೊಬ್ಬರಕ್ಕೆ ಸುಣ್ಣ ಬೆರೆಸಿದರೆ ಸಂಗತಿ ಬೇರೆ. ತೇವ ತಗುಲಿದೊಡನೆ ಮೂಗಿಗೆ ಹೊಡೆಯುವ ಘಾಟು ಏಳುವುದು. ಅದೇ ಅಮೋನಿಯಾ ಅನಿಲ. ಪೈರಿಗೆ ಸಲ್ಲಬೇಕಾದ ಸಾರಜನಕವು ಅದರೊಡನೆ ಹಾರಿಹೋಗಿ, ರಾಶಿಯಲ್ಲಿ ಜಿಪ್ಸಂ ಉಳಿಯುವುದು. ಹಾರಿದುದನ್ನು ಮರಳಿ ಪಡೆಯುವ ಉಪಾಯವಿಲ್ಲ. ಒಲೆಯ ಬೂದಿಯೂ ಕ್ಷಾರಗುಣದ್ದಾದುದರಿಂದ ಇದೇ ನಷ್ಟವನ್ನುಂಟುಮಾಡುವುದು.

ಆದುದರಿಂದ ಹುಳಿಮಣ್ಣಿಗೆ ಸುಣ್ಣ ಹಾಕುವವರು ಬಿತ್ತನೆಗೆ ಕೆಲವು ವಾರಗಳ ಮುಂಚೆಯೇ ಅದನ್ನು ಹಾಕಿ ಮಣ್ಣಿನಲ್ಲಿ ಸೇರಿಸತಕ್ಕದ್ದು. ಅಮೋನಿಯಂ ಗೊಬ್ಬರವನ್ನು ತರುವಾಯ ಪ್ರತ್ಯೇಕವಾಗಿ ಕೊಡತಕ್ಕದ್ದು. ಗ್ರಾಮದ ಮುಖ್ಯಸ್ಥರೂ ಹಿಡುವಳಿದಾರರೂ ಮೊದಲು ತಮ್ಮ ಹೊಲಗಳಲ್ಲಿ ಈ ಕ್ರಮವನ್ನನುಸರಿಸಿ, ಕಣ್ಣಿಗೆ ಕಾಣದ ಈ ನಷ್ಟವನ್ನು ನೆರೆಯ ರೈತರಿಗೂ ತಿಳಿಯಹೇಳುವುದು ಶ್ರೇಯಸ್ಕರವು.