ಪರ್ಸಿನೊಳಗೊಂದು ರಿವಾಲ್ವರ್: ಕೊಳ್ಳುವ ಮುನ್ನ ಇಷ್ಟು ತಿಳಿದಿರಲಿ

ಕಬ್ಬಿನ ಹಂಗಾಮು ಬಂತೆಂದರೆ ಸಮೀರವಾಡಿಯಲ್ಲಿ ರಾತ್ರಿ ಹಗಲು ಎರಡೂ ಒಂದೇ. ಸಕ್ಕರೆ ಕಾರ್ಖಾನೆಯತ್ತ ಸಾಲುಗಟ್ಟಿದ ಟ್ರ್ಯಾಕ್ಟರ್‌ಗಳು, ರಾತ್ರಿ ಪಾಳಿಗೆ ಹೋದ ಗಂಡಸರು, ತೋಟದ ಮನೆಯಲ್ಲಿ ಉಳಿದವರು ಹೆಂಗಸರು, ಮಕ್ಕಳು, ವಯಸ್ಸಾದ ಅತ್ತೆ-ಮಾವ. "ಕಬ್ಬಿನ ಬಿಲ್ ಬಂದೈತಿ ಅಂತ ಊರಿಗೆಲ್ಲ ಗೊತ್ತಿರ್ತದ, ನಿದ್ದಿ ಹೆಂಗ ಬರಬೇಕ್ರಿ?" ಎಂದು ಕೇಳುವ ಗೃಹಿಣಿಯ ಆತಂಕ ಸುಳ್ಳಲ್ಲ. ಇಂಥ ಹೊತ್ತಿನಲ್ಲಿ ಪರಿಚಯದವರೊಬ್ಬರು "ಸಣ್ಣ ರಿವಾಲ್ವರ್ ಐತ್ರಿ, ಸೆಕೆಂಡ್ ಹ್ಯಾಂಡ್, ಪರ್ಸಿನ್ಯಾಗ ಕೂಡತೈತಿ" ಎಂದರೆ ಮನಸ್ಸು ವಾಲುವುದು ಸಹಜ. ನಗರದಲ್ಲಿ ಒಂಟಿಯಾಗಿ ಕಾರು ಓಡಿಸುವ, ಫ್ಲ್ಯಾಟ್‌ನಲ್ಲಿ ಒಬ್ಬಳೇ ಇರುವ ಗೆಳತಿಯರಿಗೂ ಇದೇ ಯೋಚನೆ ಬರುತ್ತದೆ. ಆದರೆ ರಿವಾಲ್ವರ್ ಹಳೆಯ ಫ್ರಿಜ್ ಅಲ್ಲ, ದುಡ್ಡು ಕೊಟ್ಟು ಮನೆಗೆ ತರಲು!

ಹಲಗಲಿಯ ನೆನಪು

ಮಕ್ಕಳ ಹತ್ತನೇ ತರಗತಿಯ ಪುಸ್ತಕದಲ್ಲಿ 'ಹಲಗಲಿ ಬೇಡರು' ಲಾವಣಿ ಓದಿಸಿದ ಅಮ್ಮಂದಿರು ಬಹಳ ಮಂದಿ. ಆ ಹಲಗಲಿ ಇರುವುದು ಇದೇ ಮುಧೋಳ ಸೀಮೆಯಲ್ಲಿ. ಆಯುಧ ಒಪ್ಪಿಸಿ ಎಂಬ ಬ್ರಿಟಿಷರ ಕಾನೂನಿಗೆ ಸೆಡ್ಡು ಹೊಡೆದು 1857ರಲ್ಲಿ ಬೇಡರು ದಂಗೆ ಎದ್ದರು, ಊರೇ ಬೆಲೆ ತೆತ್ತಿತು. ಈಗಿರುವುದು ನಮ್ಮದೇ ಕಾನೂನು: 1959ರ ಶಸ್ತ್ರಾಸ್ತ್ರ ಕಾಯ್ದೆ, 2016ರ ನಿಯಮಗಳು. ಇವುಗಳ ಪ್ರಕಾರ ಬಂದೂಕು ಇಟ್ಟುಕೊಳ್ಳುವುದು ಹಕ್ಕಲ್ಲ, ಸರಕಾರ ಕೊಡುವ ಅನುಮತಿ.

ಮೊದಲು ಲೈಸೆನ್ಸ್, ಆಮೇಲೆ ರಿವಾಲ್ವರ್

ಬಹಳ ಜನ ಇದನ್ನು ತಿರುವುಮುರುವು ಮಾಡುತ್ತಾರೆ. ಮೊದಲು ಆಯುಧ ನೋಡಿ, ಅಡ್ವಾನ್ಸ್ ಕೊಟ್ಟು, ಆಮೇಲೆ "ಲೈಸೆನ್ಸ್ ಮಾಡಿಸಿದರಾಯ್ತು" ಅಂತಾರೆ. ಹಾಗೆ ಮಾಡಬೇಡಿ. ಲೈಸೆನ್ಸ್ ಇಲ್ಲದೆ ಬಂದೂಕು ಮನೆಯಲ್ಲಿದ್ದರೆ, 2019ರ ತಿದ್ದುಪಡಿಯ ನಂತರ, ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಜೈಲು ಮತ್ತು ದಂಡ.

ಜಿಲ್ಲೆಗಳಲ್ಲಿ ಲೈಸೆನ್ಸ್ ಕೊಡುವವರು ಜಿಲ್ಲಾಧಿಕಾರಿ, ಸಮೀರವಾಡಿಯವರಿಗೆ ಬಾಗಲಕೋಟೆ. ಬೆಂಗಳೂರಿನಂಥ ನಗರಗಳಲ್ಲಿ ಪೊಲೀಸ್ ಕಮಿಷನರ್. ವಯಸ್ಸು 21 ತುಂಬಿರಬೇಕು. ನಿಮಗೆ ನಿಜವಾಗಿ ಬೆದರಿಕೆ ಇದೆಯೇ, ಮನೆಯಲ್ಲಿ ಭದ್ರವಾಗಿ ಇಡಲು ಜಾಗವಿದೆಯೇ ಎಂದು ಪೊಲೀಸರು ವಿಚಾರಿಸುತ್ತಾರೆ. ಸುರಕ್ಷಿತ ಬಳಕೆಯ ತರಬೇತಿ ಪಡೆದ ಪ್ರಮಾಣಪತ್ರವೂ ಬೇಕು. ಬೆದರಿಕೆ ಕರೆ, ಕಳ್ಳತನ, ಜಮೀನು ತಕರಾರು ಏನಿದ್ದರೂ ಆಗಿಂದಾಗ ಠಾಣೆಗೆ ದೂರು ಕೊಟ್ಟು ಪ್ರತಿ ಇಟ್ಟುಕೊಳ್ಳಿ. ಬರೀ "ಹೆದರಿಕೆ ಆಗ್ತದ" ಎಂದರೆ ಅರ್ಜಿ ನಿಲ್ಲುವುದು ಕಷ್ಟ.

ಇನ್ನೊಂದು ಮಾತು. ಲೈಸೆನ್ಸ್ ಯಾರ ಹೆಸರಿನಲ್ಲಿದೆಯೋ ಆಯುಧ ಅವರದ್ದು ಮಾತ್ರ. ಯಜಮಾನರ ರಿವಾಲ್ವರ್ ಅನ್ನು ನೀವು ಪರ್ಸಿನಲ್ಲಿ ಹಾಕಿಕೊಂಡು ಪೇಟೆಗೆ ಹೋಗುವಂತಿಲ್ಲ. ಪತಿ ತೀರಿಕೊಂಡ ಮೇಲೆ ಬೀರುವಿನಲ್ಲಿ ಉಳಿದ ಆಯುಧವನ್ನೂ ತಡಮಾಡದೆ ಠಾಣೆಯಲ್ಲಿ ಅಥವಾ ಅಧಿಕೃತ ಡೀಲರ್ ಬಳಿ ಜಮಾ ಮಾಡಿ ರಸೀದಿ ಪಡೆಯಬೇಕು. ವಾರಸುದಾರರಾಗಿ ನಿಮ್ಮ ಹೆಸರಿಗೆ ಲೈಸೆನ್ಸ್ ಕೇಳುವ ದಾರಿ ಇದೆ. ದುಃಖದ ದಿನಗಳಲ್ಲಿ ಇದು ಮರೆತೇ ಹೋಗುತ್ತದೆ, ಮನೆಯ ಹಿರಿಯರು ನೆನಪಿಸಬೇಕು.

ಹಳೆಯದನ್ನು ಕೊಳ್ಳುವಾಗ

ಖಾಸಗಿ ವ್ಯಕ್ತಿ ತನ್ನ ಆಯುಧವನ್ನು ಲೈಸೆನ್ಸ್ ಇದ್ದವರಿಗೆ ಮಾರಬಹುದು. ಆದರೆ ಮೊದಲು ಜಿಲ್ಲಾಧಿಕಾರಿಗೆ ಅಥವಾ ಹತ್ತಿರದ ಠಾಣೆಗೆ ಲಿಖಿತವಾಗಿ ತಿಳಿಸಬೇಕು. ತಿಳಿಸಿ 45 ದಿನ ಕಳೆದ ಮೇಲೆಯೇ ಕೈ ಬದಲಾಗಬೇಕು. "ನಾಳೇನ ಒಯ್ಯಿರಿ" ಎನ್ನುವವರ ಹತ್ತಿರ ಹೋಗಲೇಬೇಡಿ.

ನಮ್ಮಲ್ಲಿ ಸಾಮಾನ್ಯರಿಗೆ ಸಿಗುವ ಸಣ್ಣ ರಿವಾಲ್ವರ್‌ಗಳು ಹೆಚ್ಚಾಗಿ .32 ಅಳತೆಯವು, ಕಾನ್ಪುರದ ಸರಕಾರಿ ಕಾರ್ಖಾನೆಯವು. 2014ರಲ್ಲಿ ಮಹಿಳೆಯರಿಗೆಂದೇ ಪ್ರಚಾರ ಮಾಡಿ 'ನಿರ್ಭೀಕ್' ತಂದರು: ತೂಕ ಸುಮಾರು 500 ಗ್ರಾಂ, ಗುಂಡು ಆರು, ಬೆಲೆ ಆಗಲೇ 1.22 ಲಕ್ಷ ರೂಪಾಯಿ. 2023ರಲ್ಲಿ 'ಪ್ರಬಲ್' ಬಂತು. ಇದರಲ್ಲಿ ಗುಂಡಿನ ಗಾಲಿ ಪಕ್ಕಕ್ಕೆ ತೆರೆದುಕೊಳ್ಳುತ್ತದೆ. ನಿರ್ಭೀಕ್ ನಡು ಮಡಚಿ ತೆರೆಯುವ ಬಗೆ. ಅಜ್ಜನ ಕಾಲದ ಸೈನ್ಯದ ರಿವಾಲ್ವರ್, ಅಂದರೆ .380 ಅಥವಾ .455 ಗುಂಡಿನದು, ಅಗ್ಗಕ್ಕೆ ಸಿಕ್ಕರೂ ಬೇಡ. ಅವು ನಿಷೇಧಿತ ವರ್ಗಕ್ಕೆ ಸೇರಿದವು, ಶಿಕ್ಷೆ ಇನ್ನೂ ಕಠಿಣ.

ನೋಡುವಾಗ ಇವು ಗಮನದಲ್ಲಿರಲಿ:

* ಆಯುಧದ ಮೇಲಿನ ನಂಬರು ಮಾರುವವರ ಲೈಸೆನ್ಸ್‌ನಲ್ಲಿರುವ ನಂಬರಿಗೆ ತಾಳೆಯಾಗಲೇಬೇಕು. ಉಜ್ಜಿದ, ಮಸುಕಾದ ನಂಬರಿದ್ದರೆ ಎದ್ದು ಬನ್ನಿ.
* ಕೈಗೆ ತೆಗೆದುಕೊಳ್ಳುವ ಮುನ್ನ ಗಾಲಿ ತೆರೆಸಿ, ಆರೂ ತೂತು ಖಾಲಿ ಎಂದು ಕಣ್ಣಾರೆ ನೋಡಿ.
* ನಳಿಕೆಯೊಳಗೆ ತುಕ್ಕು, ಗುಳಿ ಇರಬಾರದು. ಬಹಳ ವರ್ಷ ಚರ್ಮದ ಚೀಲದಲ್ಲೇ ಬಿದ್ದಿದ್ದಕ್ಕೆ ತುಕ್ಕು ಬೇಗ ಹಿಡಿಯುತ್ತದೆ.
* ಕುದುರೆ ಎಳೆದಾಗ ಗಾಲಿ ಗಟ್ಟಿಯಾಗಿ ನಿಲ್ಲಬೇಕು. ಅಲ್ಲಾಡಿದರೆ ಗುಂಡು ನಳಿಕೆಗೆ ನೇರ ಹೋಗದೆ ಚೂರು ಪಕ್ಕಕ್ಕೆ ಸಿಡಿಯುವ ಅಪಾಯ.
* ಮಡಚುವ ಬಗೆಯದಾದರೆ ಮೇಲಿನ ಚಿಲಕ ಸಡಿಲವಾಗಿರಬಾರದು.
* ಕೊನೆಯ ಮಾತು ನಿಮ್ಮದಲ್ಲ, ಲೈಸೆನ್ಸ್ ಇರುವ ಡೀಲರ್ ಅಂಗಡಿಯ ಮಿಸ್ತ್ರಿಯದು. ಅವರಿಂದ ಪರೀಕ್ಷೆ ಮಾಡಿಸದೆ ದುಡ್ಡು ಎಣಿಸಬೇಡಿ.

ಮುಚ್ಚಿಟ್ಟು ಒಯ್ಯುವುದು

ಸಾರ್ವಜನಿಕ ಸ್ಥಳದಲ್ಲಿ ಆಯುಧ ಹೋಲ್‌ಸ್ಟರ್ ಅಥವಾ ಅಂಥದೇ ಚೀಲದಲ್ಲಿ, ಪೂರ್ತಿ ಮುಚ್ಚಿಕೊಂಡು, ನಿಮ್ಮ ಹಿಡಿತದಲ್ಲೇ ಇರಬೇಕು ಎನ್ನುತ್ತದೆ ನಿಯಮ. ಹಾಗಂತ ಎಲ್ಲೆಂದರಲ್ಲಿ ಒಯ್ಯುವಂತಿಲ್ಲ: ಜಾತ್ರೆ, ಮೆರವಣಿಗೆ, ಶಾಲೆಯ ಆವರಣ ಹೊರಗೆ. ಮದುವೆಯಲ್ಲಿ ಸಂಭ್ರಮಕ್ಕೆ ಹಾರಿಸಿದರೆ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಚುನಾವಣೆ ಬಂದಾಗ ಠಾಣೆಯಲ್ಲಿ ಜಮಾ ಮಾಡಿ ಎಂಬ ಆದೇಶವೂ ಬರುವುದುಂಟು.

ಈಗ ನಮ್ಮ ಪರ್ಸ್ ನೆನೆಸಿಕೊಳ್ಳಿ. ಬೀಗದ ಕೈ, ಮೊಬೈಲು, ಬಾಚಣಿಗೆ, ಮಗುವಿನ ಬಿಸ್ಕತ್ತು! ಆ ಗೊಂದಲದಲ್ಲಿ ಟ್ರಿಗರ್‌ಗೆ ಏನು ತಾಗೀತೋ? ಅದಕ್ಕೇ ಟ್ರಿಗರ್ ಮುಚ್ಚುವ ಗಟ್ಟಿ ಹೋಲ್‌ಸ್ಟರ್, ಬೇರೆ ಏನೂ ಇಡದ ಪ್ರತ್ಯೇಕ ಖಾನೆ ಇರಲೇಬೇಕು. ಪರ್ಸನ್ನು ಸೋಫಾ ಮೇಲೆ ಬಿಸಾಡುವ ಅಭ್ಯಾಸ ನಿಮಗಿದ್ದರೆ ಈ ವಿಚಾರವನ್ನೇ ಬಿಡುವುದು ಒಳ್ಳೆಯದು. ಮಕ್ಕಳ ಕೈಗೆ ಅಮ್ಮನ ಪರ್ಸಿನಷ್ಟು ಸುಲಭವಾಗಿ ಸಿಗುವ ವಸ್ತು ಮತ್ತೊಂದಿಲ್ಲ. ಮನೆಯಲ್ಲಿ ಆಯುಧ ಒಂದು ಬೀಗದಲ್ಲಿ, ಗುಂಡು ಇನ್ನೊಂದು ಬೀಗದಲ್ಲಿ ಇರಲಿ.

ಕಹಿಯಾದರೂ ಇದನ್ನು ಹೇಳಲೇಬೇಕು. ಕಳ್ಳ ಬರುವುದು ಎಂದೋ ಒಂದು ದಿನ. ಸಿಟ್ಟು, ಕುಡಿತ, ಸಾಲದ ಚಿಂತೆ, ಮಂಕು ಕವಿದ ಮನಸ್ಸು ಮನೆಯೊಳಗೇ ಇರುತ್ತವೆ. ನಿಮ್ಮ ಮನೆಯಲ್ಲಿ ಇವುಗಳಲ್ಲಿ ಯಾವುದಾದರೂ ಇದ್ದರೆ, ಎಷ್ಟೇ ಅಗ್ಗಕ್ಕೆ ಸಿಕ್ಕರೂ, ರಿವಾಲ್ವರ್ ಹೊಸ್ತಿಲು ದಾಟಬಾರದು. ಹೊರಗಿನವರಿಗೆಂದು ತಂದ ಆಯುಧ ಮೊದಲು ಮನೆಯವರ ಕೈಗೆ ಸಿಗುತ್ತದೆ.

ಹಾಗಾದರೆ ಏನು ಮಾಡೋಣ?

ಆತ್ಮರಕ್ಷಣೆಯ ಹಕ್ಕು ನಿಮಗೆ ಖಂಡಿತ ಇದೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯೂ ಅದನ್ನು ಉಳಿಸಿದೆ. ಆದರೆ ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. ಓಡಿಹೋಗುತ್ತಿರುವವನ ಬೆನ್ನಿಗೆ ಗುಂಡು ಹೊಡೆದು ರಕ್ಷಣೆ ಎನ್ನಲಾಗದು.

ಅದಕ್ಕೆ ಮೊದಲ ಕೆಲಸ ಗಟ್ಟಿ ಬಾಗಿಲು, ಅಂಗಳದ ದೀಪ, ಕೂಗಿದರೆ ಓಡಿಬರುವ ನೆರೆಮನೆ. ಕಬ್ಬಿನ ಬಿಲ್ಲು ಬ್ಯಾಂಕಿನಲ್ಲೇ ಇರಲಿ, ಬಂಗಾರ ಲಾಕರಿನಲ್ಲಿರಲಿ. 112 ನಂಬರನ್ನು ಅತ್ತೆಗೂ ಮಕ್ಕಳಿಗೂ ಬಾಯಿಪಾಠ ಮಾಡಿಸಿ. ಪೆಪ್ಪರ್ ಸ್ಪ್ರೇಗೆ ಲೈಸೆನ್ಸ್ ಬೇಡ, ಪರ್ಸಿನಲ್ಲಿ ಹಿಡಿಸುತ್ತದೆ.

ಇಷ್ಟೆಲ್ಲ ಮಾಡಿಯೂ ನಿಜವಾದ ಬೆದರಿಕೆ ಉಳಿದಿದ್ದರೆ, ತರಬೇತಿ ಪಡೆದು, ಕಾಗದ ಪತ್ರ ಸರಿಮಾಡಿಕೊಂಡು, ಆಮೇಲೆ ರಿವಾಲ್ವರ್ ನೋಡಲು ಹೋಗಿ. ಅಷ್ಟರವರೆಗೆ ಪರಿಚಯದವರ ಆ 'ಸಣ್ಣ ರಿವಾಲ್ವರ್' ಅವರ ಮನೆಯಲ್ಲೇ ಇರಲಿ.