ಹಳೆಯ ಫೋರ್ಡ್‌ಗೆ ಹೊಸ ಕ್ಲಚ್ ಪೆಡಲ್: ಎಡಗಾಲಿನ ಕೆಳಗೊಂದು ಲೆಕ್ಕಾಚಾರ

ಸಿಗ್ನಲ್‌ನಿಂದ ಸಿಗ್ನಲ್‌ಗೆ ತೆವಳುವ ವಾಹನಗಳ ಸಾಲಿನಲ್ಲಿ ಅತಿ ಹೆಚ್ಚು ದುಡಿಯುವುದು ಚಾಲಕನ ಎಡಗಾಲು. ಆದರೂ ಆ ಕಾಲಿನ ಕೆಳಗಿರುವ ಕ್ಲಚ್ ಪೆಡಲ್ ಎಷ್ಟು ದೂರ ಇಳಿಯಬೇಕು, ಎಷ್ಟು ಬಿಗಿಯಾಗಿರಬೇಕು ಎಂಬುದರ ಬಗ್ಗೆ ಚಾಲಕರು ತಲೆ ಕೆಡಿಸಿಕೊಳ್ಳುವುದು ಅಪರೂಪ. ಕಾರು ತಯಾರಿಸಿದ ಕಂಪನಿಯ ಎಂಜಿನಿಯರುಗಳು ಅದನ್ನು ಮೊದಲೇ ತೀರ್ಮಾನಿಸಿರುತ್ತಾರೆ. ಈ ತೀರ್ಮಾನವನ್ನು ಸ್ವತಃ ಕೈಗೊಳ್ಳಬೇಕಾದ ವರ್ಗವೊಂದು ಅಮೆರಿಕದಲ್ಲಿದೆ. ಅವರೇ ‘ಹಾಟ್ ರಾಡ್’ ನಿರ್ಮಿಸುವ ಹವ್ಯಾಸಿಗಳು.

ಹಳೆಯ ಕಾರಿನ ಮೈಯೊಳಗೆ ಬಲಿಷ್ಠ ಎಂಜಿನ್ ಕೂರಿಸಿ ವೇಗಕ್ಕಾಗಿ ಮರುರೂಪಿಸಿದ ವಾಹನವೇ ಹಾಟ್ ರಾಡ್. ದಕ್ಷಿಣ ಕ್ಯಾಲಿಫೋರ್ನಿಯಾದ ಯುವಕರು 1930ರ ದಶಕದಲ್ಲಿ ಅಗ್ಗದ ಫೋರ್ಡ್ ಕಾರುಗಳಿಂದ ಅನಗತ್ಯ ತಗಡುಗಳನ್ನೆಲ್ಲ ಕಿತ್ತೊಗೆದು, ಮ್ಯೂರಾಕ್‌ನಂಥ ಒಣಗಿದ ಕೆರೆಯಂಗಳಗಳಲ್ಲಿ ಓಡಿಸತೊಡಗಿದರು. ಈ ಓಟಗಳಿಗೆ ಶಿಸ್ತು ತರಲು 1937ರಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಹುಟ್ಟಿಕೊಂಡಿತು. 1948ರಲ್ಲಿ ರಾಬರ್ಟ್ ಪೀಟರ್ಸನ್ ಆರಂಭಿಸಿದ ‘ಹಾಟ್ ರಾಡ್’ ಪತ್ರಿಕೆ ಈ ಗೀಳನ್ನು ಅಮೆರಿಕದುದ್ದಕ್ಕೂ ಹಬ್ಬಿಸಿತು. ಇಂದಿಗೂ ಈ ವಲಯದಲ್ಲಿ ಅತಿ ಹೆಚ್ಚು ಆದರ ಪಡೆದಿರುವುದು 1932ರ ಫೋರ್ಡ್. ಜನಸಾಮಾನ್ಯರ ಕೈಗೆಟುಕುವ ಬೆಲೆಯಲ್ಲಿ ಎಂಟು ಸಿಲಿಂಡರ್‌ಗಳ ವಿ-8 ಎಂಜಿನ್ ಕೊಟ್ಟ ಕಾರದು. ಶಕ್ತಿ 65 ಅಶ್ವಬಲ.

ಭಾರತದಲ್ಲಿ ಇಂಥ ಹವ್ಯಾಸಕ್ಕೆ ಕಾನೂನಿನ ಅಡ್ಡಿಯಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ವ್ಯತಿರಿಕ್ತವಾದ ಮಾರ್ಪಾಡುಗಳನ್ನು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿದಿದೆ. ಅಮೆರಿಕದ ಹಲವು ರಾಜ್ಯಗಳಲ್ಲಾದರೋ ಇಂಥ ಕಾರುಗಳಿಗೆ ಪ್ರತ್ಯೇಕ ನೋಂದಣಿ ವ್ಯವಸ್ಥೆಯೇ ಇದೆ.

ಹಳೆಯ ಪೆಡಲ್ ಏಕೆ ಒಗ್ಗದು?

1932ರ ಫೋರ್ಡ್‌ನಲ್ಲಿ ಪೆಡಲ್‌ಗಳು ಇಂದಿನಂತೆ ಡ್ಯಾಶ್‌ಬೋರ್ಡ್ ಕೆಳಗೆ ತೂಗಾಡುತ್ತಿರಲಿಲ್ಲ. ಅವು ಕಾಲಡಿಯ ಹಲಗೆಯನ್ನು ತೂರಿಕೊಂಡು ಮೇಲೆ ಬರುತ್ತಿದ್ದವು. ಅವುಗಳ ಕೀಲು ಕೆಳಗೆ, ಗೇರ್‌ಬಾಕ್ಸಿನ ಬಳಿ ಇರುತ್ತಿತ್ತು. ಅಲ್ಲಿಂದ ಕ್ಲಚ್‌ಗೆ ಕಬ್ಬಿಣದ ಸರಳಿನ ನೇರ ಸಂಪರ್ಕ. ತೂಗುವ ಪೆಡಲ್‌ಗಳನ್ನು ಫೋರ್ಡ್ ಅಳವಡಿಸಿದ್ದು 1952ರಲ್ಲಿ.

ಈ ಕಾರಿನಲ್ಲಿ ಷೆವರ್ಲೆ ಕಂಪನಿ 1955ರಲ್ಲಿ ಹೊರತಂದ ವಿ-8 ಎಂಜಿನ್ನನ್ನೋ ಅದರ ಇತ್ತೀಚಿನ ಪೀಳಿಗೆಯನ್ನೋ ಕೂರಿಸಿ, ಐದು ಗೇರಿನ ಆಧುನಿಕ ಗೇರ್‌ಬಾಕ್ಸ್ ಜೋಡಿಸಿದರೆ ಮೂಲ ಪೆಡಲ್‌ಗೆ ನೆಲೆಯೇ ಇಲ್ಲದಂತಾಗುತ್ತದೆ. ಹಳೆಯ ಸರಳು ಸಾಗುತ್ತಿದ್ದ ಜಾಗದಲ್ಲಿ ಈಗ ಹೊಗೆ ಕೊಳವೆಗಳು ಇರುತ್ತವೆ. ಇನ್ನೊಂದು ತೊಡಕೂ ಇದೆ. ಆಧುನಿಕ ಎಂಜಿನ್ ರಬ್ಬರ್ ಆಧಾರಗಳ ಮೇಲೆ ಕುಳಿತಿರುತ್ತದೆ; ವೇಗ ಹೆಚ್ಚಿಸಿದಾಗಲೆಲ್ಲ ಪಕ್ಕಕ್ಕೆ ವಾಲುತ್ತದೆ. ಒಂದು ತುದಿ ಚಾಸಿಗೆ, ಇನ್ನೊಂದು ತುದಿ ಎಂಜಿನ್‌ಗೆ ಅಂಟಿಕೊಂಡ ಕಬ್ಬಿಣದ ಸರಳು ಆ ವಾಲಾಟವನ್ನೆಲ್ಲ ಕ್ಲಚ್‌ಗೆ ದಾಟಿಸಿಬಿಡುತ್ತದೆ. ಕಾರು ಹೊರಡುವಾಗ ಗಡಗಡನೆ ಅದುರಲು ಇದೂ ಒಂದು ಕಾರಣ. ಇದಕ್ಕೆ ಹೈಡ್ರಾಲಿಕ್ ಸಂಪರ್ಕವೇ ಉತ್ತಮ ಪರಿಹಾರ. ಬಾಗುವ ಕೊಳವೆಯಲ್ಲಿ ಸಾಗುವ ಬ್ರೇಕ್ ಆಯಿಲ್‌ಗೆ ಎಂಜಿನ್ ಎತ್ತ ವಾಲಿದರೂ ಚಿಂತೆಯಿಲ್ಲ.

ಕ್ಲಚ್ ಕೆಲಸ ಮಾಡುವ ಬಗೆ ಸರಳ. ಎಂಜಿನ್ ಜತೆ ತಿರುಗುವ ಫ್ಲೈವೀಲ್ ಹಾಗೂ ಪ್ರೆಶರ್ ಪ್ಲೇಟ್‌ಗಳ ನಡುವೆ ಕ್ಲಚ್ ಪ್ಲೇಟ್ ಬಲವಾದ ಸ್ಪ್ರಿಂಗಿನ ಒತ್ತಡಕ್ಕೆ ಸಿಕ್ಕಿ ಹಿಡಿದುಕೊಂಡಿರುತ್ತದೆ. ಪೆಡಲ್ ತುಳಿದಾಗ ಒಂದು ಬೇರಿಂಗ್ ಮುಂದೆ ಸರಿದು ಆ ಸ್ಪ್ರಿಂಗನ್ನು ಒತ್ತುತ್ತದೆ, ಹಿಡಿತ ಸಡಿಲುತ್ತದೆ. ಬೇರಿಂಗ್ ಸರಿಯಬೇಕಾದ ದೂರ ಸುಮಾರು ಒಂದು ಸೆಂಟಿಮೀಟರ್ ಅಷ್ಟೆ. ಆದರೆ ಅದಕ್ಕೆ ಬೇಕಾದ ಬಲ ನೂರಾರು ಕಿಲೋ. ಎಂಜಿನ್ ಬಲಿಷ್ಠವಾದಷ್ಟೂ ಸ್ಪ್ರಿಂಗ್ ಬಿಗಿಯಾಗಿರಬೇಕು, ಕಾಲಿನ ಶ್ರಮವೂ ಹೆಚ್ಚು.

ದೂರ ಕೊಟ್ಟು ಬಲ ಪಡೆಯುವ ವ್ಯಾಪಾರ

ಕಾಲಿನ ಅಲ್ಪ ಬಲವನ್ನು ಹಿಗ್ಗಿಸಲು ಮೂರು ಹಂತಗಳಿವೆ. ಮೊದಲನೆಯದು ಪೆಡಲ್ ಎಂಬ ಸನ್ನೆಕೋಲು. ಕೀಲಿನಿಂದ ಪಾದವಿಡುವ ಜಾಗಕ್ಕೆ 300 ಮಿ.ಮೀ., ಕೀಲಿನಿಂದ ಪುಷ್‌ರಾಡ್‌ಗೆ 50 ಮಿ.ಮೀ. ಇದ್ದರೆ ಬಲ ಆರು ಪಟ್ಟಾಗುತ್ತದೆ. ಎರಡನೆಯದು ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಹಾಗೂ ಅದನ್ನು ಸ್ವೀಕರಿಸುವ ಸ್ಲೇವ್ ಸಿಲಿಂಡರ್‌ಗಳ ಅಗಲದ ವ್ಯತ್ಯಾಸ. ಮೂರನೆಯದು ಬೇರಿಂಗನ್ನು ತಳ್ಳುವ ಫೋರ್ಕ್.

ಒಂದು ಉದಾಹರಣೆ ನೋಡೋಣ. ಪೆಡಲ್ 150 ಮಿ.ಮೀ. ಇಳಿದರೆ, ಆರಕ್ಕೊಂದರ ಅನುಪಾತದಲ್ಲಿ ಮಾಸ್ಟರ್ ಸಿಲಿಂಡರ್‌ನ ಪಿಸ್ಟನ್ 25 ಮಿ.ಮೀ. ಸಾಗುತ್ತದೆ. ಮಾಸ್ಟರ್ ಸಿಲಿಂಡರ್‌ನ ಒಳವ್ಯಾಸ ಮುಕ್ಕಾಲು ಇಂಚು, ಸ್ಲೇವ್‌ನದು ಇಂಚಿನ ಎಂಟರಲ್ಲಿ ಏಳು ಭಾಗವಾಗಿದ್ದರೆ ಸ್ಲೇವ್ ಪಿಸ್ಟನ್ ಸುಮಾರು 18.4 ಮಿ.ಮೀ. ಚಲಿಸುತ್ತದೆ. ಫೋರ್ಕ್‌ನ ಅನುಪಾತ 1.75 ಎಂದುಕೊಂಡರೆ ಬೇರಿಂಗ್ ಸರಿಯುವುದು 10.5 ಮಿ.ಮೀ. ಬೇರಿಂಗ್ ಮೇಲೆ 160 ಕಿಲೋ ಬಲ ಬೇಕಿದ್ದರೆ ಪಾದ ಹಾಕಬೇಕಾದದ್ದು ಸುಮಾರು 11 ಕಿಲೋ. ಘರ್ಷಣೆಯನ್ನು ಲೆಕ್ಕಕ್ಕೆ ಹಿಡಿದಿಲ್ಲ. ದಿನನಿತ್ಯದ ಓಡಾಟಕ್ಕೆ ಇದು ಸಹ್ಯವೇ.

ಪೆಡಲ್ ಇನ್ನಷ್ಟು ಹಗುರವಾಗಲಿ ಎಂದು ಎಂಟರಲ್ಲಿ ಐದಂಶ ಇಂಚಿನ ಮಾಸ್ಟರ್ ಸಿಲಿಂಡರ್ ಹಾಕಿದರೆ? ಕಾಲಿನ ಬಲ ಎಂಟು ಕಿಲೋಗೆ ಇಳಿಯುತ್ತದೆ, ನಿಜ. ಆದರೆ ಬೇರಿಂಗ್ ಏಳು ಚಿಲ್ಲರೆ ಮಿ.ಮೀ. ಮಾತ್ರ ಸರಿಯುತ್ತದೆ. ಕ್ಲಚ್ ಪೂರ್ತಿ ಬಿಡದೆ ಗೇರುಗಳು ಕರಕರ ಎನ್ನುತ್ತವೆ. ಸಿಗ್ನಲ್‌ನಲ್ಲಿ ಪೆಡಲ್ ತುಳಿದು ನಿಂತ ಕಾರು ಮುಂದಿನ ವಾಹನದತ್ತ ಮೆಲ್ಲನೆ ತೆವಳುತ್ತದೆ. ದೊಡ್ಡದೇ ಇರಲಿ ಎಂದು ಎಂಟರಲ್ಲಿ ಏಳಂಶದ್ದನ್ನು ಆರಿಸಿದರೆ ಬೇರಿಂಗ್ 14 ಮಿ.ಮೀ. ದಾಟುತ್ತದೆ, ಕಾಲಿನ ಹೊರೆ 15 ಕಿಲೋ ಆಗುತ್ತದೆ. ಅತಿಯಾಗಿ ಒತ್ತಿದ ಡಯಾಫ್ರಂ ಸ್ಪ್ರಿಂಗ್‌ನ ಬೆರಳುಗಳು ಬಾಗಿ ಕ್ಲಚ್ಚೇ ಹಾಳಾಗಬಹುದು. ಹಗುರ ಪೆಡಲ್ ಪುಕ್ಕಟೆಯಾಗಿ ಸಿಗುವುದಿಲ್ಲ. ಸಿಲಿಂಡರ್ ಕೊಳ್ಳುವ ಮೊದಲೇ ಕಾಗದದ ಮೇಲೆ ಈ ಲೆಕ್ಕ ಮುಗಿಸುವವರಿಗೆ ಹಣವೂ ಉಳಿಯುತ್ತದೆ, ಕ್ಲಚ್ಚೂ ಉಳಿಯುತ್ತದೆ.

ಕಬ್ಬಿಣದ ಕೆಲಸ

ಲೆಕ್ಕದ ನಂತರ ಅಳತೆ. ಅನುಭವಿಗಳು ಮೊದಲು ಸೀಟು ಕೂರಿಸಿ, ಅದರಲ್ಲಿ ತಾವೇ ಕುಳಿತು, ರಟ್ಟಿನಿಂದ ಕತ್ತರಿಸಿದ ಪೆಡಲ್ ಮಾದರಿಯನ್ನು ಇಟ್ಟು ನೋಡುತ್ತಾರೆ. 1932ರ ಫೋರ್ಡ್‌ನ ಕಾಲ್ಜಾಗ ಕಿರಿದು. ಸ್ಟೀರಿಂಗ್ ಕಂಬ ಪೆಡಲ್‌ಗಳ ನಡುವೆಯೇ ಇಳಿಯುವುದರಿಂದ ಬೂಟು ಸಿಕ್ಕಿಕೊಳ್ಳುವ ಅಪಾಯವಿದೆ. ಪೆಡಲ್ ಪೂರ್ತಿ ಇಳಿದಾಗಲೂ ಮಂಡಿ ಸ್ವಲ್ಪ ಬಾಗಿಯೇ ಇರಬೇಕು.

ಪೆಡಲ್‌ನ ತೋಳಿಗೆ 10ರಿಂದ 12 ಮಿ.ಮೀ. ದಪ್ಪದ ಪಟ್ಟಿ ಕಬ್ಬಿಣ ಸಾಕು. ಕೀಲಿಗೆ ಕಂಚಿನ ಬುಷ್ ಬೇಕು. ಕಬ್ಬಿಣದ ತೂತಿನಲ್ಲಿ ಬರೀ ಬೋಲ್ಟ್ ತೂರಿಸಿದರೆ ಕೆಲವೇ ತಿಂಗಳಲ್ಲಿ ಪೆಡಲ್ ಲಟಲಟ ಎನ್ನತೊಡಗುತ್ತದೆ. ಕೀಲಿನ ಬೋಲ್ಟ್‌ಗೆ ಎರಡೂ ಬದಿಯಿಂದ ಆಧಾರವಿರಬೇಕು. ಪುಷ್‌ರಾಡ್ ಹಾಗೂ ತೋಳು ನಡುದಾರಿಯಲ್ಲಿ ಲಂಬಕೋನದಲ್ಲಿ ಸಂಧಿಸುವಂತೆ ಜೋಡಿಸಿದರೆ ಪಿಸ್ಟನ್ ಪಕ್ಕಕ್ಕೆ ಉಜ್ಜುವುದಿಲ್ಲ, ಸಿಲಿಂಡರ್ ಬಾಳಿಕೆ ಬರುತ್ತದೆ.

ಬಹಳಷ್ಟು ಜನ ಎಡವುವುದು ಸಿಲಿಂಡರ್ ಬಿಗಿಯುವ ಜಾಗದಲ್ಲಿ. 11 ಕಿಲೋ ತುಳಿತ ಆರು ಪಟ್ಟಾದಾಗ ಸಿಲಿಂಡರ್ ಹೊರುವ ಬಲ 66 ಕಿಲೋ. ಎಂಜಿನ್ ಮತ್ತು ಚಾಲಕನ ನಡುವಿನ ತೆಳು ತಗಡಿನ ಗೋಡೆಗೆ ಅದನ್ನು ಬಿಗಿದರೆ ಪ್ರತಿ ತುಳಿತಕ್ಕೂ ಗೋಡೆ ಉಬ್ಬಿ ಇಳಿಯುತ್ತದೆ. ಗೋಡೆ ಎರಡು ಮಿ.ಮೀ. ಬಾಗಿದರೆ ಪಿಸ್ಟನ್ನಿನ 25 ಮಿ.ಮೀ.ನಲ್ಲಿ ಎರಡು ನಷ್ಟ. ಕೊನೆಗೆ ತಗಡು ಬಿರುಕು ಬಿಡುತ್ತದೆ. ಆದ್ದರಿಂದ ದಪ್ಪ ಫಲಕವನ್ನು ಒತ್ತುಕೊಟ್ಟು ಬೆಸೆಯುವುದು ಅಥವಾ ಇಡೀ ಜೋಡಣೆಯನ್ನು ಚಾಸಿಗೆ ಬಿಗಿಯುವುದು ಅನಿವಾರ್ಯ. ಸ್ಲೇವ್ ಸಿಲಿಂಡರ್‌ನದು ಇದಕ್ಕೆ ವಿರುದ್ಧ: ಅದು ಚಾಸಿಗಲ್ಲ, ಬೆಲ್ ಹೌಸಿಂಗ್‌ಗೇ ಅಂಟಿಕೊಂಡಿರಬೇಕು. ಎಂಜಿನ್ ವಾಲಿದಾಗ ಅದೂ ಜತೆಗೇ ವಾಲುತ್ತದೆ.

ಬೇರಿಂಗ್ ಮತ್ತು ಸ್ಲೇವ್ ಸಿಲಿಂಡರ್ ಒಂದೇ ಆಗಿರುವ, ಗೇರ್‌ಬಾಕ್ಸಿನೊಳಗೇ ಅಡಗುವ ಜೋಡಣೆಗಳೂ ಮಾರುಕಟ್ಟೆಯಲ್ಲಿವೆ. ನೋಡಲು ಅಚ್ಚುಕಟ್ಟು. ಆದರೆ ಸೋರಿದರೆ ಗೇರ್‌ಬಾಕ್ಸನ್ನೇ ಇಳಿಸಬೇಕು. ಮೊದಲ ಕಾರು ಕಟ್ಟುವವರು ಹೊರಗಿನ ಸಿಲಿಂಡರನ್ನೇ ನೆಚ್ಚಿಕೊಳ್ಳುವುದು ಜಾಣತನ.

ಹಳೆಯ ಡ್ರಮ್ ಬ್ರೇಕಿನ ಮಾಸ್ಟರ್ ಸಿಲಿಂಡರನ್ನು ಕ್ಲಚ್‌ಗೆ ಬಳಸುವವರಿದ್ದಾರೆ. ಅಂಥವುಗಳಲ್ಲಿ ಕೊಳವೆಯೊಳಗೆ ಅಲ್ಪ ಒತ್ತಡ ಉಳಿಸುವ ಕವಾಟವಿರುತ್ತದೆ. ಬ್ರೇಕಿಗೆ ಅದು ಬೇಕು, ಕ್ಲಚ್‌ಗೆ ಕೇಡು. ಕಾಲು ತೆಗೆದರೂ ಬೇರಿಂಗ್ ಸ್ಪ್ರಿಂಗನ್ನು ಒತ್ತಿಯೇ ಇರುವುದರಿಂದ ಬೇಗ ಸವೆಯುತ್ತದೆ. ಪುಷ್‌ರಾಡ್ ಮತ್ತು ಪಿಸ್ಟನ್ ನಡುವೆ ಒಂದು ಮಿ.ಮೀ.ನಷ್ಟು ಸಡಿಲ ಬಿಡದಿದ್ದರೂ ಇದೇ ಗತಿ. ಪಿಸ್ಟನ್ ಪೂರ್ತಿ ಹಿಂದಿರುಗದೆ ಆಯಿಲ್ ಡಬ್ಬಿಗೆ ಹೋಗುವ ಸಣ್ಣ ರಂಧ್ರ ಮುಚ್ಚಿಯೇ ಇರುತ್ತದೆ. ಎಂಜಿನ್ ಶಾಖಕ್ಕೆ ಹಿಗ್ಗಿದ ಆಯಿಲ್ ಕ್ಲಚ್ಚನ್ನು ತಾನೇ ಒತ್ತತೊಡಗುತ್ತದೆ. ಹೆದ್ದಾರಿಯಲ್ಲಿ ಎಂಜಿನ್ ಅಬ್ಬರಿಸಿದರೂ ಕಾರಿಗೆ ಎಳೆತವಿಲ್ಲ. ಬೆಳಿಗ್ಗೆ ತಣ್ಣಗಿದ್ದಾಗ ಎಲ್ಲವೂ ಸರಿ ಕಾಣುವುದರಿಂದ ಈ ದೋಷ ಹುಡುಕುವುದು ಕಷ್ಟ.

ಕೊನೆಯದಾಗಿ ಪೆಡಲ್‌ಗೆ ತಡೆ. ಬೇರಿಂಗ್ ಅಗತ್ಯ ದೂರ ಸರಿದೊಡನೆ ಪೆಡಲ್ ಒಂದು ಬೋಲ್ಟ್‌ಗೆ ತಾಗಿ ನಿಲ್ಲಬೇಕು. ಈ ತಡೆಯನ್ನು ಹೊಂದಿಸಲು ಗಾಳಿಯೆಲ್ಲ ಹೊರಹೋಗುವವರೆಗೆ ಆಯಿಲ್ ಹರಿಸಿ, ಹಿಂದಿನ ಚಕ್ರಗಳನ್ನು ನೆಲದಿಂದ ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸುತ್ತಾರೆ. ಎಂಜಿನ್ ಚಾಲೂ ಮಾಡಿ, ಪೆಡಲ್ ತುಳಿದು, ಹತ್ತು ಎಣಿಸಿ ರಿವರ್ಸ್ ಗೇರ್ ಹಾಕುತ್ತಾರೆ. ಸದ್ದಿಲ್ಲದೆ ಬಿದ್ದರೆ ಕ್ಲಚ್ ಪೂರ್ತಿ ಬಿಟ್ಟಿದೆ. ಕರ್ ಎಂದರೆ ತಡೆಯ ಬೋಲ್ಟನ್ನು ಅರ್ಧ ಸುತ್ತು ಹಿಂದಕ್ಕೆ ತಿರುಗಿಸಿ ಮತ್ತೆ ಪರೀಕ್ಷಿಸುತ್ತಾರೆ.