ಅಪ್ಪನ ಬಾಕಿ ಪುಸ್ತಕ, ಅಮ್ಮನ ಒಂದು ಪ್ರಶ್ನೆ

ನಮ್ಮ ಮನೇಲಿ ಭಾನುವಾರ ರಜೆ ಅಂತ ಇರಲೇ ಇಲ್ಲ. ಬೆಳಿಗ್ಗೆ ಏಳಕ್ಕೆಲ್ಲ ಜಗಲಿ ಮೇಲೆ ನಾಲ್ಕೈದು ಜನ ಕೂತಿರೋರು. ಎಲ್ಲರ ಕೈಯಲ್ಲೂ ಒಂದೊಂದು ಪ್ಲಾಸ್ಟಿಕ್ ಕವರು. ಅದರೊಳಗೆ ಮಡಚಿ ಮಡಚಿ ಹರಿಯೋ ಹಾಗಾದ ಪಹಣಿ, ಮ್ಯುಟೇಶನ್ ಪ್ರತಿ, ಯಾವುದೋ ನೋಟಿಸು. ಅಮ್ಮ ಒಳಗಿಂದಲೇ ತಲೆ ಎಣಿಸಿ ಟೀಗೆ ನೀರಿಡೋಳು. ಅಪ್ಪ ಹೆಗಲಿಗೆ ಟವೆಲ್ ಹಾಕ್ಕೊಂಡು ಬಂದು ಕೂತು, ಕನ್ನಡಕ ಏರಿಸಿ, "ಏನಪ್ಪಾ, ಯಾವ ಸರ್ವೆ ನಂಬರು?" ಅಂತ ಶುರು ಮಾಡೋರು.

ನಮ್ಮೂರು ತೊಗರ್ಸಿ. ಮಲ್ಲಿಕಾರ್ಜುನ ದೇವಸ್ಥಾನ ಇರೋ ಊರು ಅಂದ್ರೆ ಸುತ್ತಿನವರಿಗೆಲ್ಲ ಗೊತ್ತಾಗತ್ತೆ. ತಾಲೂಕು ಶಿಕಾರಿಪುರವಾದ್ರೂ ಸೊರಬದ ಹಳ್ಳಿಗಳು ಪಕ್ಕದಲ್ಲೇ. ಹಾಗಾಗಿ ಅಪ್ಪನ ಕೇಸುಗಳು ಎರಡೂ ಕಡೆಯ ಕೋರ್ಟಿನಲ್ಲಿ ಇರ್ತಿದ್ವು. ಮುಕ್ಕಾಲು ಪಾಲು ಜಮೀನಿನವೇ. ಹತ್ತಿರದ ಬಳ್ಳಿಗಾವಿಯ ಶಾಸನಗಳನ್ನು ತೋರಿಸಿ ಅಪ್ಪ ನಗೋರು: "ನಮ್ಮ ಕಡೆಯವರು ಸಾವಿರ ವರ್ಷದ ಹಿಂದೇನೇ ಜಮೀನಿನ ಗಡಿ ಕಲ್ಲಲ್ಲಿ ಕೆತ್ತಿಸಿಟ್ಟಿದ್ದಾರೆ. ಆದ್ರೂ ಬದುವಿನ ಜಗಳ ಮುಗಿದಿಲ್ಲ ನೋಡು."

ಅಪ್ಪ ಕರಿ ಕೋಟು ಹಾಕಿದ್ದು 1978ರಲ್ಲಿ. ದೇವರಾಜ ಅರಸು ಕಾಲದ ಭೂ ಸುಧಾರಣೆ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಯಾಗಿತ್ತು. ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಹಾಕಬೇಕಿತ್ತು. ಮತ್ತೆ ಮತ್ತೆ ಮುಂದಕ್ಕೆ ಹೋದ ಕೊನೇ ದಿನಾಂಕ ಕಡೆಗೆ 1979ರ ಜೂನ್ 30ಕ್ಕೆ ಬಂದು ನಿಂತಿತು. ಪಕ್ಕದ ಸಾಗರ ತಾಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿ ಅಳೆಯೋ ಕೊಳಗದ ಜಗಳದಿಂದ ಸತ್ಯಾಗ್ರಹವೇ ನಡೆದಿದ್ದ ಸೀಮೆ ಇದು. ಆದ್ರೂ ಒಡೆಯರ ವಿರುದ್ಧ ಅರ್ಜಿ ಬರೆಸೋಕೆ ಎಷ್ಟೋ ಜನ ಹೆದರ್ತಿದ್ರಂತೆ. ಕೆಲವರು ರಾತ್ರಿ ಹೊತ್ತು ಬಂದು ಬರೆಸಿಕೊಂಡು ಹೋಗ್ತಿದ್ರು ಅಂತ ಅಜ್ಜಿ ಹೇಳ್ತಿದ್ಳು.

ಇದರಲ್ಲೊಂದು ತಮಾಷೆ ಇದೆ. ಭೂ ನ್ಯಾಯಮಂಡಳಿ ಮುಂದೆ ವಕೀಲರು ನಿಲ್ಲೋ ಹಾಗೇ ಇರಲಿಲ್ಲ! ಕಾನೂನಿನಲ್ಲೇ ಹಾಗೆ ಬರೆದಿತ್ತು. ದುಡ್ಡಿರೋ ಒಡೆಯ ದೊಡ್ಡ ವಕೀಲನನ್ನು ತಂದು ನಿಲ್ಲಿಸಿದ್ರೆ ಗೇಣಿದಾರ ಏನು ಮಾಡ್ತಾನೆ ಅನ್ನೋದು ಒಂದು ವಾದ. 1987ರಲ್ಲಿ ಸುಪ್ರೀಂ ಕೋರ್ಟು ಆ ನಿಷೇಧವನ್ನು ತಳ್ಳಿಹಾಕಿತು. ಅಲ್ಲೀವರೆಗೂ ಅಪ್ಪ ಮಾಡಿದ್ದು ಟ್ಯೂಷನ್. ಗೇಣಿದಾರರನ್ನು ಇದೇ ಜಗಲಿ ಮೇಲೆ ನಿಲ್ಲಿಸಿ, ತಾವೇ ಒಡೆಯರ ಥರ ದಬಾಯಿಸಿ ಪ್ರಶ್ನೆ ಕೇಳೋರಂತೆ. ಯಾವ ವರ್ಷದಿಂದ ಉಳ್ತಿದೀಯ? ಗೇಣಿ ಎಷ್ಟು ಅಳೀತಿದ್ದೆ? ನೋಡಿದೋರು ಯಾರಿದಾರೆ? ಪಹಣಿ 9ನೇ ಕಾಲಂ ಒಡೆಯಂದು, 12ನೇ ಕಾಲಂ ಉಳುವವಂದು, 12 ಅಂತ ನೆನಪಿಟ್ಕೋ. ಒಬ್ಬರಂತೂ ಅಪ್ಪನ ಗದರಿಕೆಗೇ ಬೆವತು ಎದ್ದು ಹೊರಟುಬಿಟ್ಟಿದ್ರಂತೆ. ಅಜ್ಜಿ ಕರೆದು ಮಜ್ಜಿಗೆ ಕೊಟ್ಟು ಕೂರಿಸಿದ್ಳಂತೆ.

ನಮ್ಮ ಜಿಲ್ಲೆಯಲ್ಲಿ ವಕೀಲಿಕೆಯಿಂದ ರಾಜಕೀಯಕ್ಕೆ ಹೋದವರು ಕಮ್ಮಿ ಇಲ್ಲ. ಸೊರಬದ ಬಂಗಾರಪ್ಪ, ಸಾಗರದ ಕಾಗೋಡು ತಿಮ್ಮಪ್ಪ ಇಬ್ಬರೂ ಕಾನೂನು ಓದಿದವರೇ. ಅಪ್ಪನಿಗೂ ಚುನಾವಣೆಗೆ ನಿಲ್ಲಿ ಅಂತ ಹೇಳೋರು ಇದ್ರು. ಅಪ್ಪ ಹೋಗಲಿಲ್ಲ. ಅದಕ್ಕೇನೂ ದೊಡ್ಡ ಕಾರಣ ಇಲ್ಲ, ಮೈಕ್ ಹಿಡಿದ್ರೆ ಅವರಿಗೆ ಮಾತೇ ಹೊರಡಲ್ಲ.

ಈಗ ಬಾಕಿ ಪುಸ್ತಕದ ವಿಷಯಕ್ಕೆ ಬರ್ತೀನಿ. ನೀಲಿ ರಟ್ಟಿನ ಉದ್ದ ನೋಟ್‌ಬುಕ್ಕು. ಎಡಗಡೆ ಹೆಸರು, ಬಲಗಡೆ ಬರಬೇಕಾದ ಫೀಸು. "ಬಂತು" ಅನ್ನೋ ಗುರುತು ಹತ್ತಕ್ಕೆ ನಾಲ್ಕಕ್ಕೆ ಇದ್ರೆ ಹೆಚ್ಚು. ಕೆಲವು ಕಡೆ "ಅಕ್ಕಿ ಅರ್ಧ ಮೂಟೆ", "ಶುಂಠಿ" ಅಂತ ಬರೆದಿರೋದೂ ಉಂಟು. ಒಂದು ಕಡೆ ಬರೀ "ಹಲಸಿನ ಹಣ್ಣು 2". ವಕೀಲರ ಮಗಳು ಅಂದ್ರೆ ದುಡ್ಡಿರೋ ಮನೆಯವಳು ಅಂತ ಬೆಂಗಳೂರಲ್ಲಿ ನನ್ನ ಟೀಮಿನವರು ಅಂದ್ಕೊಂಡಿದ್ರು. 2008ರಲ್ಲಿ ದಾವಣಗೆರೇಲಿ ನಂಗೆ ಇಂಜಿನಿಯರಿಂಗ್ ಸೀಟು ಸಿಕ್ಕಾಗ ಫೀಸು ಕಟ್ಟೋಕೆ ಮನೇಲಿ ಇದ್ದಿದ್ದು ಅರ್ಧ. ಆ ವರ್ಷದ ಬಾಕಿ ಪುಸ್ತಕದಲ್ಲಿ ಬರಬೇಕಿದ್ದದ್ದು 38,000. ಅಪ್ಪ ಯಾರನ್ನೂ ಕೇಳಲಿಲ್ಲ. ಅಮ್ಮ ಬಳೆ ಅಡ ಇಟ್ಟಳು. ಜನ ದೇವರಂಥ ಮನುಷ್ಯ ಅಂತ ಅಪ್ಪನಿಗೆ ಕೈ ಮುಗೀತಿದ್ರು, ಅಮ್ಮ ಅದೇ ಹೊತ್ತಿಗೆ ಟೀಪುಡಿ ಡಬ್ಬಿ ತಳ ಕೆರೀತಿದ್ಳು. ನಂಗೆ ಆ ವಯಸ್ಸಲ್ಲಿ ಅಪ್ಪನ ಮೇಲೆ ಸಿಟ್ಟೇ ಜಾಸ್ತಿ ಇತ್ತು. ಸುಳ್ಳು ಯಾಕೆ ಹೇಳಲಿ?

ಕಾನೂನು ನೆರವು ಸಮಿತಿಯ ಕೇಸುಗಳನ್ನೂ ಅಪ್ಪ ನಡೆಸ್ತಿದ್ರು. ನಿಮಗೆ ಗೊತ್ತಿರಲಿ, ತಾಲೂಕು ಕಾನೂನು ಸೇವಾ ಸಮಿತಿ ಇರತ್ತೆ. ಹೆಣ್ಣುಮಕ್ಕಳಾದ್ರೆ ಆದಾಯ ಎಷ್ಟೇ ಇದ್ರೂ ಉಚಿತವಾಗಿ ವಕೀಲರನ್ನು ಕೇಳಬಹುದು. ಫೋನಲ್ಲಾದ್ರೆ 15100. ಜೀವನಾಂಶಕ್ಕೆ ಬಂದ ಹೆಂಗಸರು ಜಗಲಿ ಮೇಲೆ ಕೂರ್ತಿರಲಿಲ್ಲ. ಹಿಂಬಾಗಿಲಿಂದ ಅಡುಗೆಮನೆಗೆ ಬಂದು ಮೊದಲು ಅಮ್ಮನ ಹತ್ರ ಹೇಳ್ಕೊಳ್ಳೋರು. ಅಮ್ಮ ಅದನ್ನ ಅಪ್ಪನಿಗೆ ದಾಟಿಸೋಳು. ಅರ್ಧ ಕೇಸು ಅಮ್ಮನೇ ಕೇಳಿರ್ತಿದ್ಳು.

2020ರಲ್ಲಿ ಕೊರೊನಾ ಅಂತ ನಾನು ಲ್ಯಾಪ್‌ಟಾಪ್ ಹೊತ್ತುಕೊಂಡು ಊರಿಗೆ ಬಂದೆ. ನೆಟ್‌ವರ್ಕ್ ಸಿಗೋದು ಮಹಡಿ ಮೂಲೇಲಿ ಮಾತ್ರ. ಅಲ್ಲಿ ಕೂತಿದ್ರೆ ಕೆಳಗಿನ ಮಾತೆಲ್ಲ ಕೇಳ್ತಿತ್ತು.

ನಮ್ಮದು ಒಟ್ಟು ಕುಟುಂಬದ 8 ಎಕರೆ. ಅಜ್ಜ 2001ರಲ್ಲಿ ತೀರಿಕೊಂಡ್ರು, ಆಮೇಲೆ ಅಜ್ಜಿ. ಅಪ್ಪ, ಚಿಕ್ಕಪ್ಪ, ಇಬ್ಬರು ಅತ್ತೆಯರು. ಜಮೀನು ಪಾಲಾಗಿರಲಿಲ್ಲ. ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು ಅಂತ 2005ರಲ್ಲೇ ದೇಶದ ಕಾನೂನು ತಿದ್ದುಪಡಿ ಆಗಿತ್ತು. ಆದ್ರೆ ಆ ಹೊತ್ತಿಗೆ ತಂದೆ ಬದುಕಿದ್ರೆ ಮಾತ್ರ ಅಂತ 2015ರಲ್ಲಿ ಒಂದು ತೀರ್ಪು ಬಂದಿತ್ತು. ಅದರ ಪ್ರಕಾರ ಅತ್ತೆಯರಿಗೆ ಆ ಸಮಪಾಲು ಇರಲಿಲ್ಲ. 2020ರ ಆಗಸ್ಟ್ 11ಕ್ಕೆ ಸುಪ್ರೀಂ ಕೋರ್ಟು ವಿನೀತಾ ಶರ್ಮಾ ಕೇಸಿನಲ್ಲಿ ಅದನ್ನು ಬದಲಿಸಿತು. ಹಕ್ಕು ಹುಟ್ಟಿನಿಂದಲೇ ಬರೋದು, ತಂದೆ ಆಗ ಬದುಕಿರಬೇಕು ಅಂತೇನಿಲ್ಲ.

ದೀಪಾವಳಿಗೆ ಎಲ್ಲರೂ ಸೇರಿದ್ರು. ಚಿಕ್ಕಪ್ಪ ಹಕ್ಕು ಬಿಡುಗಡೆ ಪತ್ರ ಟೈಪ್ ಮಾಡಿಸ್ಕೊಂಡೇ ಬಂದಿದ್ರು. ಅಕ್ಕಂದಿರು ಸಹಿ ಹಾಕೋದು, ಅರಿಶಿಣ-ಕುಂಕುಮಕ್ಕೆ ಅಂತ ಒಂದಿಷ್ಟು ದುಡ್ಡು, ಸೀರೆ ಕೊಡೋದು. ಎಲ್ಲರ ಮನೇಲೂ ನಡೆಯೋದು ಹೀಗೇ ತಾನೆ? ಅಪ್ಪ ಆ ಪತ್ರ ಓದಿ, ಮಡಚಿ, ಟೀಪಾಯ್ ಮೇಲಿಟ್ಟು, "ನಾಲ್ಕು ಪಾಲು. ಎರಡೆರಡು ಎಕರೆ" ಅಂದ್ರು.

ದೊಡ್ಡತ್ತೆಗೇ ಗಾಬರಿ. "ಬ್ಯಾಡ ಅಣ್ಣ. ಜಮೀನು ತಗೊಂಡ್ರೆ ನಾಳೆ ನಂಗೆ ತವರು ಅಂತ ಉಳಿಯುತ್ತಾ?" ಅಂದ್ರು. ಸಣ್ಣತ್ತೆ ಸುಮ್ಮನಿದ್ರು, ಆದ್ರೆ ಬೇಡ ಅನ್ನಲಿಲ್ಲ. ಚಿಕ್ಕಪ್ಪನ ಮುಖ ಕೆಂಪಾಯ್ತು. "ಊರೋರ ಜಮೀನಿಗೆ ಹೋರಾಡಿ ಹೋರಾಡಿ ಮನೆ ಜಮೀನು ಹಂಚೋಕೆ ಹೊರಟೆ ನೀನು" ಅಂತ ಕೂಗಾಡಿದ್ರು. ಚಿಕ್ಕಪ್ಪನದು ದುರಾಸೆ ಅಂತ ನಾನು ಹೇಳಲ್ಲ. ಇಪ್ಪತ್ತು ವರ್ಷ ಆ ಗದ್ದೆ ನೋಡಿಕೊಂಡಿದ್ದು ಅವರೇ, ಅಪ್ಪ ಕೋರ್ಟಿನಲ್ಲಿದ್ರು.

ಆಗ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅಮ್ಮ ಬಾಯಿ ಬಿಟ್ಟಳು.

"ರೀ, ನಾನು ತವರಲ್ಲಿ ಸಹಿ ಹಾಕ್ದಾಗ ಪೆನ್ನು ಕೊಟ್ಟೋರು ಯಾರು?"

ನಾನು ಮಹಡಿಯಿಂದ ಇಳಿದು ಬಂದೆ. ಈ ವಿಷಯ ನಂಗೆ ಗೊತ್ತೇ ಇರಲಿಲ್ಲ. ಅಮ್ಮನ ತವರು ಹಿರೇಕೆರೂರು ಕಡೆ. 1998ರಲ್ಲಿ, ತಾತ ತೀರಿಕೊಂಡ ಮೇಲೆ, ಮಾವಂದಿರು ಇಂಥದ್ದೇ ಪತ್ರ ತಂದಿದ್ರಂತೆ. ತಾತನ ಪಾಲಿನಲ್ಲಿ ಅಮ್ಮನಿಗೂ ಭಾಗ ಇತ್ತು. ಅದಕ್ಕೇ ತಾನೆ ಸಹಿ ಬೇಕಾಗಿದ್ದು. "ಹಾಕಿಬಿಡು, ಅಣ್ತಮ್ಮಂದಿರ ಹತ್ರ ನಿಷ್ಠುರ ಯಾಕೆ" ಅಂದಿದ್ದು ಅಪ್ಪ. ಜೇಬಿಂದ ಪೆನ್ನು ತೆಗೆದು ಕೊಟ್ಟಿದ್ದೂ ಅಪ್ಪನೇ. ಜಗಲಿ ಮೇಲೆ ಬಂದವರಿಗೆಲ್ಲ "ಓದದೆ ಸಹಿ ಹಾಕ್ಬೇಡ" ಅಂತ ಹೇಳೋ ವಕೀಲರು.

ಅಪ್ಪ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅದು ರಿಜಿಸ್ಟರ್ ಆಗಿ ಮುಗಿದ ಪತ್ರ. ಹೊಸ ಕಾನೂನೂ ಅದನ್ನ ಮುಟ್ಟಲ್ಲ" ಅಂದ್ರು.

"ಕಾನೂನು ಕೇಳಲಿಲ್ಲ ನಾನು" ಅಂದು ಅಮ್ಮ ಒಳಗೆ ಹೋದಳು.

ಪಾಲು ಆಯ್ತು, ನಾಲ್ಕು. ದೊಡ್ಡತ್ತೆ ತಮ್ಮ ಎರಡು ಎಕರೆಯನ್ನ ಚಿಕ್ಕಪ್ಪನಿಗೇ ಲಾವಣಿಗೆ ಕೊಟ್ಟಿದ್ದಾರೆ. ಚಿಕ್ಕಪ್ಪ ಅಪ್ಪನ ಹತ್ರ ಮಾತು ಬಿಟ್ಟು ಎರಡು ವರ್ಷ ಆಗಿತ್ತು, ನನ್ನ ಮದುವೇಲಿ ಮತ್ತೆ ಶುರುವಾಯ್ತು. ಅದೂ "ಊಟ ಆಯ್ತಾ" ಅನ್ನೋ ಅಷ್ಟು.

ಪಾಲಾಗಿ ನಾಲ್ಕು ತಿಂಗಳಿಗೆ ಅಪ್ಪ ತಮ್ಮ ಎರಡು ಎಕರೆಯಲ್ಲಿ ಒಂದನ್ನ ಅಮ್ಮನ ಹೆಸರಿಗೆ ದಾನಪತ್ರ ಮಾಡಿಸಿದ್ರು. ನಾನು ಖುಷಿಯಿಂದ ಫೋನ್ ಮಾಡಿದೆ. ಅಮ್ಮ, "ಆಯ್ತು, ಒಳ್ಳೇದು. ಆದ್ರೆ ತವರಿಂದು ಬೇರೆ, ಇದು ಬೇರೆ ಕಣೇ" ಅಂದಳು. ನಾನು ಮುಂದೆ ಏನೂ ಹೇಳೋಕೆ ಹೋಗಲಿಲ್ಲ.

ಅಪ್ಪನಿಗೆ ಈಗ ಎಪ್ಪತ್ತು ದಾಟಿದೆ. ಕೋರ್ಟಿಗೆ ವಾರಕ್ಕೆರಡು ದಿನ ಹೋಗ್ತಾರೆ. ಬಗರ್ ಹುಕುಂನವರು ನಮೂನೆ 50, 53, 57 ಅಂತ ಹಿಡ್ಕೊಂಡು ಇನ್ನೂ ಬರ್ತಾನೇ ಇದ್ದಾರೆ. ಬಾಕಿ ಪುಸ್ತಕ ಈಗ ಅಮ್ಮನ ಹತ್ರ ಇರೋದ್ರಿಂದ "ಬಂತು" ಅನ್ನೋ ಗುರುತು ಸ್ವಲ್ಪ ಜಾಸ್ತಿಯಾಗಿದೆ.

ಹೋದ ತಿಂಗಳು ಊರಿಗೆ ಹೋಗಿದ್ದೆ. ಭಾನುವಾರ ಬೆಳಿಗ್ಗೆ ಒಬ್ಬಳು ಹುಡುಗಿ ಅಣ್ಣನ ಜೊತೆ ಬಂದಿದ್ಳು, ನನಗಿಂತ ಚಿಕ್ಕವಳು. ಅಣ್ಣನ ಕೈಯಲ್ಲಿ ಕವರು. ಅಮ್ಮ ಟೀ ತಂದವಳು ಲೋಟ ಕೊಡದೆ ಹಾಗೇ ನಿಂತು, ಆ ಹುಡುಗಿನೇ ನೋಡಿ ಕೇಳಿದಳು:

"ಅದರಲ್ಲಿ ಏನು ಬರೆದಿದೆ ಅಂತ ನೀನು ಓದಿದ್ಯೇನವ್ವಾ?"